ಗಂಗಿಯ ತೂಕದ ಬೆಲ್ಲ

ಹೊಳಲು
9 ಜನವರಿ 2023

ಗಂಗೀ,

ನಿನ್ನ ಅಕ್ಕ ನಾಗಲಿಂಗಮ್ಮನ ಆಶೀರ್ವಾದ. ಇಲ್ಲಿ ನಾನೂ ಕ್ಷೇಮ, ನನ್ನ ಒಲೆಯೂ ಕ್ಷೇಮ. ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯಿತು. ಕೂಡ್ಲಿಗಿಯಲ್ಲಿ ಅಂಚೆ ಡಬ್ಬಿ ಕಿತ್ತು ಹಾಕಿದ್ದಾರೇನು?

ಫೋನಿನಲ್ಲೇ ಮಾತಾಡಬಹುದಲ್ಲ ಅಂತ ನಿಮ್ಮ ಮನೆಯವರು ಅರುಣಕುಮಾರ್ ಹೇಳಿದರಂತೆ. ನನ್ನ ಕಿವಿಯ ಹಣೆಬರಹ ಅವರಿಗೆ ಗೊತ್ತಿಲ್ಲವೇ? ಆ ಫೋನು ಕಿವಿಗೆ ಹಚ್ಚಿಕೊಂಡರೆ ಬರೀ ಗಾಳಿ ಬೀಸಿದ ಸದ್ದು. ನಮ್ಮ ರೊಟ್ಟಿ ಮನೆಯ ಪಕ್ಕೀರಮ್ಮನ ಫೋನು ಅವಸರಕ್ಕೆ ಮಾತ್ರ. ಅವಳು ನನ್ನ ಕಿವಿಯಲ್ಲಿ ಕೂಗಿ ಹೇಳುವಷ್ಟರಲ್ಲಿ ಮನೆ ಮಾತು ಊರ ಮಾತಾಗುತ್ತದೆ. ಹಾಸ್ಟೆಲ್ಲಿಗೆ ಹೋದಾಗಿನಿಂದ ಕಾಗದ ಬರೆದಿದ್ದೀ, ಇನ್ನೂ ಬರಿ. ಕೈ ಸವೆಯುವುದಿಲ್ಲ.

ಸಂಕ್ರಾಂತಿಗೆ ಬುತ್ತಿ ಕಳಿಸುತ್ತೇನೆ. ಹಡಗಲಿ ಬಸ್ಸಿನ ಕಂಡಕ್ಟರ್ ಮಂಜಣ್ಣ ತಂದುಕೊಡುತ್ತಾನೆ. ಸಜ್ಜೆ ರೊಟ್ಟಿ ಇಪ್ಪತ್ತು, ಶೇಂಗಾ ಹೋಳಿಗೆ ಹದಿನಾರು, ಗುರೆಳ್ಳು ಚಟ್ನಿ, ಮಾದಲಿ. ಕಾಲೇಜಿನ ಆಫೀಸಿನವರಿಗೆಲ್ಲ ಹಂಚಿ ಪುಣ್ಯ ಕಟ್ಟಿಕೊಳ್ಳಬೇಡ, ನೀನು ತಿನ್ನು.

ಹೋದ ಕಾಗದದಲ್ಲಿ ದಾವಣಗೆರೆ ಡಾಕ್ಟರು ಹೊಟ್ಟೆಯ ಆಪರೇಷನ್ ಅಂದರು ಅಂತ ಒಂದು ಸಾಲು ಬರೆದು ಬಿಟ್ಟಿದ್ದೀ. ಯಾಕೆ, ಏನು ಅಂತಲೂ ಬರೆದಿಲ್ಲ. ಏನೇ ಇರಲಿ, ಬೇಡ. ಅವ್ವ ಹೋದದ್ದು ಹೇಗೆ ಅಂತ ನಿನಗೆ ನೂರು ಸಲ ಹೇಳಿದ್ದೇನೆ. ನಿನಗೆ ಮೂರು ತಿಂಗಳು. ಮಕ್ಕಳು ಸಾಕು ಅಂತ ಆಪರೇಷನ್ ಮಾಡಿಸಿಕೊಳ್ಳಲು ನಡೆದುಕೊಂಡು ಹೋದವಳು ಚಕ್ಕಡಿಯಲ್ಲಿ ಮಲಗಿ ಬಂದಳು, ವಾರಕ್ಕೆ ಮಣ್ಣಾದಳು. ನನಗಾಗ ಹದಿನಾಲ್ಕು. ಅಂಬಲಿ ಸೋಸಿ ಬೆರಳಲ್ಲಿ ಅದ್ದಿ ನಿನಗೆ ಚೀಪಿಸಿದ್ದೇನೆ. ಇಲಿಮರಿ ಹಾಗಿದ್ದೆ, ಉಳಿಯಲ್ಲ ಅಂದಿದ್ದರು ಓಣಿಯವರು. ಈಗ ನೀನು ಬಂದರೆ ಬಾಗಿಲು ತುಂಬುತ್ತದೆ. ಜನ ಏನಾದರೂ ಅನ್ನಲಿ, ನನಗೆ ಅದನ್ನು ನೋಡಿದರೆ ಕಣ್ಣು ತಂಪು. ನನ್ನ ಮೇಲಾಣೆ, ಆ ಮೈಗೆ ಕತ್ತಿ ಮುಟ್ಟಿಸಬೇಡ.

ನಿನ್ನ ಅಕ್ಕ

&nbsp;

ಕೂಡ್ಲಿಗಿ
2 ಫೆಬ್ರವರಿ 2023

ಅಕ್ಕಾ,

ಬುತ್ತಿ ಮುಟ್ಟಿತು. ಹೋಳಿಗೆ ಮೂರೇ ದಿನಕ್ಕೆ ಖಾಲಿ. ನಿನ್ನ ಗುರೆಳ್ಳು ಚಟ್ನಿಯ ವಾಸನೆಗೆ ನಮ್ಮ ಪ್ರಿನ್ಸಿಪಾಲರು ಎರಡು ಸಲ ನನ್ನ ಟೇಬಲ್ಲಿನ ಹತ್ತಿರ ಬಂದು ಹೋದರು. ಕೊಟ್ಟಿಲ್ಲ, ಸಮಾಧಾನವಾಯಿತೇ?

ಆಪರೇಷನ್ ಮಾತು ಅಲ್ಲಿಗೇ ಬಿಟ್ಟೆ. ನೀನು ಆಣೆ ಇಟ್ಟ ಮೇಲೆ ಮುಗಿಯಿತು. ಡಾಕ್ಟರು ಹೇಳುವುದನ್ನೆಲ್ಲ ಕೇಳುತ್ತಾ ಕೂತರೆ ಮನುಷ್ಯ ಬದುಕುವುದು ಯಾವಾಗ.

ಇನ್ನೊಂದು ಸಂಗತಿ. ಆಫೀಸಿನವರು ನನ್ನನ್ನು ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸುತ್ತಿದ್ದಾರೆ, ಒಂದು ತಿಂಗಳು. ಕಂಪ್ಯೂಟರಿನದು. ಅಲ್ಲೇ ಊಟ, ಅಲ್ಲೇ ವಾಸ. ಅಷ್ಟು ದಿನ ಬುತ್ತಿ ಕಳಿಸಬೇಡ, ಕಾಗದ ತಡವಾದರೆ ಗಾಬರಿಯಾಗಬೇಡ. ನಿನ್ನ ಸಕ್ಕರೆ ಕಾಯಿಲೆಯ ಗುಳಿಗೆ ಎರಡು ಹೊತ್ತೂ ತಪ್ಪದೆ ನುಂಗು.

ಯಾಕೋ ಇವತ್ತು ನಿನ್ನ ಕೈಯ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಎಣ್ಣೆಗಾಯಿ ಇಟ್ಟುಕೊಂಡು ಹೊಟ್ಟೆ ಬಿರಿಯ ಉಣ್ಣಬೇಕು ಅನ್ನಿಸಿದೆ. ಕೊನೇ ಸಲ ಪಂಚಮಿಗೆ ಬಂದಾಗ ಎಷ್ಟು ತಿಂದೆ ಅಂತ ಎಣಿಸಿದ್ದೆಯಾ? ನಾನು ಎಣಿಸಿದ್ದೆ. ಏಳು.

ನಿನ್ನ ಗಂಗಿ

&nbsp;

ಹೊಳಲು
20 ಮಾರ್ಚ್ 2023

ಗಂಗೀ,

ಧಾರವಾಡದಿಂದ ಒಂದೂ ಕಾಗದ ಇಲ್ಲ. ಅಲ್ಲಿ ಫೇಡೆ ತಿಂದು ಅಕ್ಕನ ಹೋಳಿಗೆ ಮರೆತೆಯಾ? ನಾಡಿದ್ದು ಯುಗಾದಿ. ಮಂಜಣ್ಣನ ಕೈಯಲ್ಲಿ ಹೂರಣದ ಹೋಳಿಗೆ ಕಳಿಸಿದ್ದೇನೆ, ತುಪ್ಪ ಬೇರೆ ಡಬ್ಬಿಯಲ್ಲಿದೆ. ತಿಂದು ಹೇಗಿತ್ತು ಅಂತ ಬರಿ. ಈ ಸಲ ಬೆಲ್ಲ ಸ್ವಲ್ಪ ಕಪ್ಪಗಿತ್ತು, ಅದಕ್ಕೆ ಕೇಳಿದೆ.

ಬ್ಯಾಂಕಿನವರು, ಶಾಲೆಯ ಮೇಷ್ಟ್ರುಗಳು, ಆಸ್ಪತ್ರೆ ನರ್ಸಮ್ಮಗಳು ಸೇರಿ ದಿನಕ್ಕೆ ಇನ್ನೂರು ರೊಟ್ಟಿ ಹೋಗುತ್ತಿದೆ. ಬಿಸಿಲಿಗೆ ಒಲೆ ಮುಂದೆ ಕೂರುವುದು ಕಷ್ಟ, ಆದರೂ ಕೂತರೆ ಏಳುವ ಮನಸ್ಸಾಗುವುದಿಲ್ಲ. ಉಣ್ಣುವವರು ಇರುವ ತನಕ ನನಗೆ ಸುಸ್ತಿಲ್ಲ ನೋಡು.

ನಿನ್ನ ಅಕ್ಕ

&nbsp;

ಕೂಡ್ಲಿಗಿ
4 ಏಪ್ರಿಲ್ 2023

ಅಕ್ಕಾ,

ಹೋಳಿಗೆ ಚೆನ್ನಾಗಿತ್ತು. ಬೆಲ್ಲ ಕಪ್ಪಗಿದ್ದರೆ ರುಚಿ ಹೆಚ್ಚು. ಎಲ್ಲಾ ನಾನೇ ತಿಂದೆ, ಇವರಿಗೆ ಎರಡೇ ಕೊಟ್ಟೆ.

ಟ್ರೇನಿಂಗಿನಲ್ಲಿ ಊಟ ಸರಿಹೋಗಲಿಲ್ಲ, ಸ್ವಲ್ಪ ಇಳಿದಿದ್ದೇನೆ. ಒಳ್ಳೆಯದೇ ಆಯಿತು ಬಿಡು. ಮೊನ್ನೆ ಕಾಲೇಜಿನ ಮಹಡಿ ಮೆಟ್ಟಿಲನ್ನು ನಡುವೆ ಎಲ್ಲೂ ನಿಲ್ಲದೆ ಹತ್ತಿದೆ. ಇಪ್ಪತ್ತೆರಡು ಮೆಟ್ಟಿಲು. ಹತ್ತಿ ಮೇಲೆ ನಿಂತು ಯಾರಾದರೂ ನೋಡಿದರೇನೋ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನೀನಿದ್ದಿದ್ದರೆ ಅನ್ನಿಸಿತು.

ಸ್ವಲ್ಪ ದಿನ ಬುತ್ತಿ ಬೇಡ ಅಕ್ಕ. ಬೇಸಿಗೆ, ಕೆಡುತ್ತದೆ.

ಗಂಗಿ

&nbsp;

ಹೊಳಲು
11 ಜೂನ್ 2023

ಗಂಗೀ,

ನನ್ನ ಬುತ್ತಿ ಇಪ್ಪತ್ತು ವರ್ಷದಲ್ಲಿ ಯಾವ ಬೇಸಿಗೆಯಲ್ಲಿ ಕೆಟ್ಟಿದೆ?

ಮಂಜಣ್ಣ ನಿನ್ನೆ ಮನೆಗೆ ಬಂದಿದ್ದ. ನಿನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದನಂತೆ. ಕಾಗದ ತೆಗೆದುಕೊಂಡು ಬರೆದು ತೋರಿಸು ಅಂದೆ, ನನಗೆ ಕೇಳುವ ಹಾಗೆ ಅವನೇ ಕೂಗಿದ: "ಅಕ್ಕಾರ, ನಿಮ್ ತಂಗಿ ಅರ್ಧ ಆಗ್ಯಾರ್ರಿ! ನಾ ಮದ್ಲು ಗುರ್ತಾ ಹಿಡೀಲಿಲ್ಲ. ಮಾರಿ ಜೋತು ಬಿದ್ದೈತಿ, ಬಳಿ ಮೊಳಕೈಗೆ ಜಾರ್ತಾವ." ರೊಟ್ಟಿ ಬಡಿಯುತ್ತಿದ್ದ ನಾಲ್ಕು ಮಂದಿ ಹೆಂಗಸರೂ ಕೈ ನಿಲ್ಲಿಸಿದರು.

ಏನಾಗಿದೆ? ನಿಜ ಹೇಳು. ಇಲ್ಲವಾದರೆ ನಾನೇ ಬಸ್ ಹತ್ತುತ್ತೇನೆ.

ಅಕ್ಕ

&nbsp;

ಕೂಡ್ಲಿಗಿ
17 ಜೂನ್ 2023

ಅಕ್ಕಾ,

ಮಂಜಣ್ಣನಿಗೆ ಟಿಕೆಟ್ ಹರಿಯುವ ಕೆಲಸ ಸಾಲದಾಯಿತೇ? ನಾಲ್ಕು ಸೇರಿದ್ದನ್ನು ಖಂಡುಗ ಮಾಡುವ ಮನುಷ್ಯ. ಬೆಳಿಗ್ಗೆ ಎದ್ದು ನಡೆಯುತ್ತೇನೆ, ಸಿಹಿ ಬಿಟ್ಟಿದ್ದೇನೆ, ಅನ್ನ ಕಮ್ಮಿ ಮಾಡಿದ್ದೇನೆ. ಅಷ್ಟೇ. ನನ್ನ ಸಕ್ಕರೆ ಗುಳಿಗೆಯನ್ನು ಡಾಕ್ಟರು ನಿಲ್ಲಿಸಿಯೇ ಬಿಟ್ಟಿದ್ದಾರೆ. ಮೊಣಕಾಲು ನೋವೂ ಇಲ್ಲ. ಇದು ಕಾಯಿಲೆಯವಳ ಲಕ್ಷಣವೇ ನೀನೇ ಹೇಳು.

ನೀನು ಬರಬೇಡ, ಒಲೆ ಆರಿಸಿ ಬಂದರೆ ಇನ್ನೂರು ಮಂದಿ ಉಪವಾಸ. ಪಂಚಮಿಗೆ ನಾನೇ ಬರುತ್ತೇನೆ.

ಗಂಗಿ

&nbsp;

ಹೊಳಲು
30 ಆಗಸ್ಟ್ 2023

ಗಂಗೀ,

ನೀನು ಪಂಚಮಿ ಮುಗಿಸಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ.

ನಾನು ನಿನಗೆ ಒಂದು ರೊಟ್ಟಿ ಹಾಕಿದೆ. ನೀನು ಅದರಲ್ಲಿ ಎರಡು ತುತ್ತು ಮುರಿದು, ಅಗಿದೂ ಅಗಿದೂ ನುಂಗಿ, ಹಿತ್ತಲಿಗೆ ಹೋದೆ. ಬಾಯಿ ತೊಳೆದುಕೊಂಡು ಬಂದು, "ಹೊಟ್ಟಿ ತುಂಬೇತಿ ಅಕ್ಕ" ಅಂದೆ. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಮೂರು ದಿನವೂ ತಲೆ ಮೇಲಿನ ಸೆರಗು ತೆಗೆಯಲಿಲ್ಲ ನೀನು. ಹಣಿಗೆ ಇಲ್ಲೇ ಮರೆತು ಹೋಗಿದ್ದೀ. ಅದರ ತುಂಬಾ ಕೂದಲು.

ನಾನು ಏನೂ ಕೇಳುವುದಿಲ್ಲ. ಅಂಥ ರೋಗದ ಹೆಸರನ್ನು ಬಾಯಲ್ಲಿ ಹೇಳಬಾರದು. ಡಾಕ್ಟರು ಹೊಟ್ಟೆ ಆಪರೇಷನ್ ಆಗಬೇಕು ಅಂದಾಗ ಆಣೆ ಇಟ್ಟು ಬೇಡ ಅಂದವಳು ನಾನೇ. ಆಗಲೇ ಮಾಡಿಸಿದ್ದರೆ ಏನಾಗುತ್ತಿತ್ತೋ. ಅವ್ವನದು ಒಂದು ಲೆಕ್ಕ, ನಿನ್ನದು ಇನ್ನೊಂದು ಅಂತ ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಮೊನ್ನೆ ಶ್ರಾವಣ ಸೋಮವಾರ ಕೊಟ್ಟೂರಿಗೆ ಹೋಗಿದ್ದೆ. ಗುಡಿಯಲ್ಲಿ ಸ್ವಾಮಿಯ ಮುಂದೆ ಒಂದು ಮಾತು ಕೊಟ್ಟು ಬಂದೆ. ನಿನ್ನ ಮೈ ಮೊದಲಿನ ಹಾಗೆ ತುಂಬಬೇಕು, ಅಲ್ಲಿಯ ತನಕ ನನ್ನದೊಂದು ಸಣ್ಣ ನೇಮ. ಏನು ಅಂತ ಕೇಳಬೇಡ.

ನೀನು ಚೆನ್ನಾಗಿರು, ಅಷ್ಟು ಸಾಕು.

ಅಕ್ಕ

&nbsp;

ಕೂಡ್ಲಿಗಿ
12 ಸೆಪ್ಟೆಂಬರ್ 2023

ಅಕ್ಕಾ,

ಕೊಟ್ಟೂರಿನ ತನಕ ಬಂದವಳು ಕೂಡ್ಲಿಗಿಗೆ ಬರಲಿಲ್ಲ. ಅರ್ಧ ಗಂಟೆಯ ದಾರಿ. ಅಷ್ಟು ಸಿಟ್ಟೇ ನನ್ನ ಮೇಲೆ?

ನೀನು ಪಂಚಮಿಗೆ ಕಟ್ಟಿದ ಉಂಡೆಗಳನ್ನು ಮುಟ್ಟಲಿಲ್ಲ, ರೊಟ್ಟಿ ಬಿಟ್ಟೆ ಅಂತ ನಿನಗೆ ಅವಮಾನವಾಗಿದೆ. ನನಗೆ ಗೊತ್ತು. ನಿನ್ನ ಅಡುಗೆ ಸೇರಲಿಲ್ಲ ಅಂತ ಮಾತ್ರ ತಿಳಿಯಬೇಡ, ಕೈ ಮುಗಿಯುತ್ತೇನೆ. ಕೂದಲು ಉದುರಿದ್ದು ನಿಜ, ಈಗ ನಿಂತಿದೆ, ಹೊಸದು ಹುಟ್ಟುತ್ತಿದೆ. ರೋಗ ಗೀಗ ಅಂತ ಏನೇನೋ ಬರೆಯಬೇಡ. ನನಗೇನೂ ಆಗಿಲ್ಲ.

ನಮ್ಮ ಬೇವಿನ ಮರದ ಜೋಕಾಲಿಯಲ್ಲಿ ಆವತ್ತು ಹತ್ತು ವರ್ಷದ ಮೇಲೆ ಕೂತೆ. ಹಗ್ಗ ಕಿರುಗುಟ್ಟಲಿಲ್ಲ. ನಾನು ಎಷ್ಟು ನಕ್ಕೆ ಅಂತ ನೋಡಿದೆಯಲ್ಲ? ನೀನು ಮಾತ್ರ ಯಾಕೆ ಒಳಗೆ ಹೋದೆ?

ಗಂಗಿ

&nbsp;

ಹೊಳಲು
18 ಡಿಸೆಂಬರ್ 2023

ಗಂಗೀ,

ನೀನು ಮೂರು ಕಾಗದ ಬರೆದೆ, ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಬರೆಯಬಾರದ್ದೇ ಕೈಗೆ ಬರುತ್ತದೆ.

ನೀನು ಸ್ಕೂಟಿ ಕಲಿತೆ, ಗುಡ್ಡ ಹತ್ತಿದೆ, ರೆಡಿಮೇಡ್ ರವಿಕೆ ಮೈಗೆ ಹಿಡಿಯಿತು ಅಂತೆಲ್ಲ ಬರೆಯುತ್ತೀ. ಓದಿ ಪಕ್ಕೀರಮ್ಮನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆರುವ ದೀಪ ಹೆಚ್ಚು ಉರಿಯುತ್ತದೆ ಅಂತ ಅವಳ ಬಾಯಲ್ಲಿ ಬಂತು, ಬೈದೆ.

ಅವಳು ಫೋನಿನಲ್ಲಿ ನನ್ನ ಮೇಲೆ ಚಾಡಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಸಂಜೆ ಊಟಕ್ಕೆ ನಾನು ಜೊತೆಗೆ ಕೂರುವುದಿಲ್ಲ ಅಂತ ಅವಳಿಗೆ ಸಿಟ್ಟು. ಒಪ್ಪತ್ತು ಉಂಡರೆ ಯಾರಾದರೂ ಸಾಯುತ್ತಾರೆಯೇ? ಗುಳಿಗೆ ಮಾತ್ರ ಎರಡು ಹೊತ್ತೂ ತಪ್ಪಿಸಿಲ್ಲ. ಡಾಕ್ಟರ ಮಾತು ಮೀರುವವಳಲ್ಲ ನಾನು.

ಅಕ್ಕ

&nbsp;

ಕೂಡ್ಲಿಗಿ
8 ಫೆಬ್ರವರಿ 2024

ಅಕ್ಕಾ,

ಇದನ್ನು ಒಬ್ಬಳೇ ಇರುವಾಗ ಓದು. ಮೊದಲು ಕೂತುಕೋ.

ನನಗೆ ರೋಗ ಇಲ್ಲ. ನಾನು ಆಪರೇಷನ್ ಮಾಡಿಸಿಕೊಂಡೆ. ಇವತ್ತಿಗೆ ಸರಿಯಾಗಿ ಒಂದು ವರ್ಷ. ಧಾರವಾಡದ ಟ್ರೇನಿಂಗ್ ಸುಳ್ಳು, ನಾನು ಇದ್ದದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ. ಹೊಟ್ಟೆಯನ್ನು ಸಣ್ಣದು ಮಾಡುವ ಆಪರೇಷನ್ ಅದು. ಬಾಳೆಕಾಯಿಯಷ್ಟು ಉಳಿಸಿ ಮಿಕ್ಕಿದ್ದನ್ನು ತೆಗೆದುಬಿಡುತ್ತಾರೆ. ಅವ್ವನಿಗೆ ಕೊಯ್ದ ಹಾಗೆ ಕೊಯ್ಯುವುದಿಲ್ಲ, ಐದು ಸಣ್ಣ ತೂತು. ಈಗ ಗುರುತೂ ಸರಿಯಾಗಿ ಕಾಣುವುದಿಲ್ಲ.

ಆಗ ನಾನು ನೂರಾ ಹದಿನೆಂಟು ಕೇಜಿ ಇದ್ದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತಿತ್ತು. ಇವರು ಪಕ್ಕದಲ್ಲಿ ಎಚ್ಚರವಾಗಿ ಕೂತು ಅಲುಗಿಸುತ್ತಿದ್ದರು. ಹೀಗೇ ಬಿಟ್ಟರೆ ಹೆಚ್ಚು ವರ್ಷ ಇಲ್ಲ ಅಂತ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ನನಗೆ ಬದುಕಬೇಕಿತ್ತು ಅಕ್ಕ. ಅದಕ್ಕೆ ನಿನ್ನ ಆಣೆ ಮುರಿದೆ.

ಆಣೆಗೆ ಹೆದರಿ ಮಾತ್ರ ಮುಚ್ಚಿಡಲಿಲ್ಲ. ಆ ಮೈಯನ್ನು ಬೆಳೆಸಿದವಳು ನೀನು. ಅಂಬಲಿಯಿಂದ ಶುರು ಮಾಡಿ ಒಂದೊಂದು ರೊಟ್ಟಿಯಾಗಿ ಹಾಕಿ ಬೆಳೆಸಿದ್ದನ್ನು ನಾನು ಹೋಗಿ ಬೇಡ ಅಂತ ತೆಗೆಸಿಕೊಂಡೆ. ಇದನ್ನು ನಿನಗೆ ಯಾವ ಬಾಯಲ್ಲಿ ಹೇಳಲಿ? ಯುಗಾದಿಯ ಹೋಳಿಗೆ ನಾನು ತಿನ್ನಲಿಲ್ಲ. ಆವತ್ತು ನನಗೆ ಮೂರು ಚಮಚ ಬೇಳೆ ಕಟ್ಟು ಇಳಿಯುತ್ತಿತ್ತು, ಅಷ್ಟೇ. ಹೋಳಿಗೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅತ್ತು, ಆಫೀಸಿಗೆ ಒಯ್ದು ಹಂಚಿದೆ.

ಈಗ ಎಪ್ಪತ್ತಾರು ಕೇಜಿ. ಒಂದು ಸಣ್ಣ ಬಟ್ಟಲು ಊಟ ಸಾಕು. ಬೇಗ ತಿಂದರೆ, ಸಿಹಿ ತಿಂದರೆ ವಾಂತಿ, ತಲೆಸುತ್ತು. ತೋಳಿನ ಚರ್ಮ ಜೋತುಬಿದ್ದಿದೆ, ಸದಾ ಚಳಿ. ಆದರೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತೇನೆ, ಪಕ್ಕದಲ್ಲಿ ಜಾಗ ಉಳಿಯುತ್ತದೆ. ಯಾರಾದರೂ ಬಂದು ಕೂತರೆ ಒಳಗೊಳಗೇ ಖುಷಿ. ಇದನ್ನು ಮೊದಲು ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಲಾಗದೆ ಒಂದು ವರ್ಷ ನುಂಗಿಕೊಂಡೆ.

ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಗಂಗಿ

&nbsp;

ಹೊಳಲು
14 ಫೆಬ್ರವರಿ 2024

ಲೇ ಗಂಗೀ, ಹಲ್ಕಟ್ ಹುಡುಗೀ,

ನಿನ್ನ ಕಾಗದ ಓದಿ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಗೋಡೆಗೆ ಒಗೆದೆ. ಪಕ್ಕೀರಮ್ಮ ಓಡಿಬಂದಳು. "ಏನಾತ್ ಯಕ್ಕ?" ಅಂದಳು. "ಗಂಗಿ ಸಾಯಂಗಿಲ್ಲಂತ!" ಅಂದೆ. ಇಬ್ಬರೂ ಅಲ್ಲೇ ನೆಲದಲ್ಲಿ ಕೂತು ಅತ್ತೆವು. ತವದ ಮೇಲಿನ ರೊಟ್ಟಿ ಹೊತ್ತಿ ಇದ್ದಿಲಾಯಿತು.

ಆರು ತಿಂಗಳಿನಿಂದ ನಿನ್ನ ಹೆಣ ನನ್ನ ಕಣ್ಣ ಮುಂದೆ ಇತ್ತು ಅಂತ ನಿನಗೆ ಗೊತ್ತೇನೇ? ನಿನ್ನ ಹಣಿಗೆಯನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದೆ. ಆ ಹೋಳಿಗೆಯನ್ನು ಯಾರು ತಿಂದರೇನು, ನೀನು ಇದ್ದರೆ ಸಾಕು. ನಿನ್ನನ್ನು ಬೆಳೆಸಿದ್ದು ತೂಗಿ ನೋಡಲಿಕ್ಕೇನು? ಮೈ ಯಾರದು? ನಿನ್ನದು. ಬೇಡವಾದಷ್ಟು ತೆಗೆಸಿದೆ, ಬೇಕಾದಷ್ಟು ಉಳಿಸಿಕೊಂಡೆ. ಇಷ್ಟು ಮಾತು ಅಂದೇ ಹೇಳಿದ್ದರೆ ನಾನು ನಾಲ್ಕು ದಿನ ಬೈದು, ಐದನೇ ದಿನ ದಾವಣಗೆರೆಗೆ ಬಂದು ನಿನ್ನ ತಲೆದಿಂಬಿನ ಹತ್ತಿರ ಕೂರುತ್ತಿದ್ದೆ.

ಈಗ ಒಂದು ತೊಡಕು. ನಿನ್ನ ಮೈ ಮೊದಲಿನಂತೆ ತುಂಬುವ ತನಕ ಅಂತ ಸ್ವಾಮಿಯ ಮುಂದೆ ಹೇಳಿ ಬಿಟ್ಟಿದ್ದೇನೆ. ನೀನಿನ್ನು ತುಂಬುವ ಪೈಕಿ ಅಲ್ಲ. ಹಿರೇಮಠದ ಅಯ್ಯನವರನ್ನು ಕೇಳಿದೆ. ಅವರು ನಕ್ಕು, "ತಂಗೀನ ಬೆಲ್ಲದಾಗ ತುಲಾಭಾರ ಮಾಡ್ಸವಾ, ಎಷ್ಟು ತೂಗ್ತಾಳ ಅಷ್ಟು ಸ್ವಾಮಿಗೆ ಒಪ್ಪಿಸು, ನೇಮ ಇಳೀತೈತಿ" ಅಂದರು. ಮಾರ್ಚ್ ನಾಲ್ಕು ಸೋಮವಾರ. ಕೊಟ್ಟೂರಿಗೆ ಬಂದು ತಕ್ಕಡಿಯಲ್ಲಿ ಕೂತುಬಿಡು. ಎಂಬತ್ತು ಕೇಜಿ ಬೆಲ್ಲಕ್ಕೆ ಹೇಳಿದ್ದೇನೆ. ಹೋದ ವರ್ಷ ಆಗಿದ್ದರೆ ಗಾಡಿ ಬೆಲ್ಲ ಬೇಕಾಗುತ್ತಿತ್ತು!

ಬೇಗ ಬಾ.

ನಿನ್ನ ಅಕ್ಕ

&nbsp;

ಕೂಡ್ಲಿಗಿ
24 ಫೆಬ್ರವರಿ 2024

ನನ್ನ ಅಕ್ಕಾ,

ನಿನ್ನ ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಹಲ್ಕಟ್ ಅನ್ನಿಸಿಕೊಂಡು ಇಷ್ಟು ಸಂತೋಷ ಯಾರಿಗೂ ಆಗಿರಲಿಕ್ಕಿಲ್ಲ.

ತಕ್ಕಡಿಯಲ್ಲಿ ಖಂಡಿತ ಕೂರುತ್ತೇನೆ. ಒಂದೇ ಒಂದು ಮಾತು ನಡೆಸಿಕೊಡು. ಈಗ ಎಪ್ಪತ್ತೈದು ಇದ್ದೇನೆ. ಅರವತ್ತೊಂಬತ್ತಕ್ಕೆ ಇಳಿಯಬೇಕು ಅಂತ ಡಾಕ್ಟರೂ ನಾನೂ ಪಣ ತೊಟ್ಟಿದ್ದೇವೆ. ಇಷ್ಟು ವರ್ಷ ತಕ್ಕಡಿ ಕಂಡರೆ ಓಡುತ್ತಿದ್ದವಳು, ಜನರ ಎದುರಿಗೆ ಕೂರುವುದಾದರೆ ಅರವತ್ತರ ಅಂಕೆಯಲ್ಲಿ ಕೂರಬೇಕು ಅಂತ ಆಸೆ. ಹುಚ್ಚು ಅನ್ನು. ಯುಗಾದಿ ಮುಗಿಯಲಿ, ಏಪ್ರಿಲ್ ಹದಿನೈದು ಸೋಮವಾರ ಬರುತ್ತದೆ, ಆವತ್ತು ಮಾಡೋಣ. ಪಿಯು ಪರೀಕ್ಷೆಯ ಗದ್ದಲವೂ ಮುಗಿದಿರುತ್ತದೆ. ನಿನಗೂ ಬೆಲ್ಲ ಉಳಿತಾಯ.

ನಿನ್ನ ನೇಮ ಅಂದರೆ ಆ ಸೋಮವಾರದ ಒಪ್ಪತ್ತು ತಾನೇ? ನಾನು ಹುಟ್ಟಿದಾಗಿನಿಂದ ಮಾಡುತ್ತಲೇ ಇದ್ದೀ. ಪಕ್ಕೀರಮ್ಮನಿಗೆ ಈಗ ಯಾಕೆ ಹೊಟ್ಟೆನೋವು?

ನಿನ್ನ ಗಂಗಿ

&nbsp;

ಹೊಳಲು
5 ಮಾರ್ಚ್ 2024

ಗಂಗೀ,

ಆಗಲಿ. ನೀನು ಬಾಯಿಬಿಟ್ಟು ಆಸೆ ಅಂತ ಏನನ್ನೂ ಕೇಳಿದವಳಲ್ಲ. ಹಬ್ಬಕ್ಕೆ ಬಟ್ಟೆ ತರುವಾಗಲೂ, ನನ್ನ ಅಳತೆಗೆ ಸಿಕ್ಕರೆ ಸಾಕು ಅನ್ನುತ್ತಿದ್ದೆ. ಆರು ತಿಂಗಳು ನಡೆಸಿದವಳಿಗೆ ಆರು ವಾರ ಯಾವ ದೊಡ್ಡದು. ಅರವತ್ತೊಂಬತ್ತೇ ಆಗಲಿ.

ಬೆಲ್ಲ ಬಂದು ಬಿದ್ದಿದೆ. ಒಳಕೋಣೆಯಲ್ಲಿ ಪೆಂಟೆಗಳನ್ನು ಜೋಡಿಸಿ, ಮಡಿ ಪಂಚೆ ಮುಚ್ಚಿದ್ದೇನೆ. ಮನೆ ತುಂಬಾ ಘಮ. ಸಂಜೆಯಾದರೆ ನನಗೆ ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಅದಕ್ಕೇ ಅಕ್ಷರ ಸೊಟ್ಟ. ಪಕ್ಕೀರಮ್ಮ ಒಂದೇ ಸಮ, "ಒಂದ್ ಚೂರು ಬೆಲ್ಲ ಬಾಯಿಗೆ ಹಾಕ್ಕೋ ಯಕ್ಕ" ಅಂತಾಳೆ. ಸ್ವಾಮಿಗೆ ಎತ್ತಿಟ್ಟದ್ದನ್ನು ನಾನು ಹೇಗೆ ಮುರಿಯಲಿ? ಅವಳಿಗೆ ಬುದ್ಧಿ ಇಲ್ಲ.

ನೀನು ಚಿಂತೆ ಮಾಡಬೇಡ. ಹುಷಾರಾಗಿ ಇಳಿ.

ಅಕ್ಕ

&nbsp;

ಕೂಡ್ಲಿಗಿ
28 ಮಾರ್ಚ್ 2024

ಅಕ್ಕಾ,

ಎಪ್ಪತ್ತೊಂದು! ಇನ್ನು ಎರಡೇ. ಹಸಿರು ಇಳಕಲ್ ಸೀರೆ ತಂದಿದ್ದೇನೆ, ತಕ್ಕಡಿಯಲ್ಲಿ ಕೂರಲಿಕ್ಕೆ. ನಿನಗೊಂದು ಕೆಂಪು.

ಕೈ ನಡುಗುವುದು ಬಿಸಿಲಿಗೆ ಇರಬೇಕು. ಮಧ್ಯಾಹ್ನ ಒಲೆ ಬಿಟ್ಟು ಏಳು, ಮಜ್ಜಿಗೆ ಕುಡಿ. ಗುಳಿಗೆ ತಪ್ಪಿಸಬೇಡ.

ನಿನ್ನ ಗಂಗಿ

&nbsp;

ಹೊಳಲು
3 ಏಪ್ರಿಲ್ 2024

ಗಂಗೀ,

ನಿನ್ನ ಕಾಗದ ಮುಟ್ಟಿತು. ಎಪ್ಪತ್ತೊಂದು ಅಂತ ಓದಿ ನಗು ಬಂತು. ಪಕ್ಕೀರಮ್ಮ ಹಡಗಲಿಗೆ ಮದುವೆಗೆ ಹೋಗಿದ್ದಾಳೆ, ಹೇಳೋಣ ಅಂದರೆ ಯಾರೂ ಇಲ್ಲ. ಕೆಂಪು ಸೀರೆ ನನಗ್ಯಾಕೆ, ಈ ವಯಸ್ಸಿನಲ್ಲಿ. ತಂದಿದ್ದೀ ಅಂದ ಮೇಲೆ ಉಡುತ್ತೇನೆ. ಸಂಜೆಯ ಗುಳಿಗೆ ನುಂಗಿದೆ, ಸ್ವಲ್ಪ ಅಡ್ಡಾಗಿ ಎದ್ದು ಮುಂದೆ ಬರೆ

&nbsp;

ಹೊಳಲು
15 ಏಪ್ರಿಲ್ 2024, ಸೋಮವಾರ

ಅಕ್ಕಾ,

ನಿನ್ನ ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ.

ನಾಲ್ಕನೇ ತಾರೀಖು ಗುರುವಾರ ಬೆಳಿಗ್ಗೆ ಪಕ್ಕೀರಮ್ಮನ ಫೋನ್ ಬಂತು. ಅದು ಅವಸರಕ್ಕೆ ಮಾತ್ರ ಅಂತ ನೀನು ಹೇಳಿದ್ದೆ. ಗಂಟೆ ಕೇಳಿದ ಕೂಡಲೇ ನನಗೆ ತಿಳಿಯಿತು. ಅವಳು ಮದುವೆಯಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ನೂಕಿದಾಗ ನೀನು ಒಳಕೋಣೆಯಲ್ಲಿ ಬೆಲ್ಲದ ಪಕ್ಕದಲ್ಲೇ ಬಿದ್ದಿದ್ದೆಯಂತೆ. ಮುಚ್ಚಿದ್ದ ಪಂಚೆ ಒಂದು ಕಡೆ ಸರಿದಿತ್ತಂತೆ. ಬೆಲ್ಲ ಮಾತ್ರ ಎಲ್ಲೂ ಮುರಿದಿರಲಿಲ್ಲ. ಹಡಗಲಿಯ ಡಾಕ್ಟರು ಗುಳಿಗೆಯ ಚೀಟಿ ನೋಡಿ, ಊಟ ಇಲ್ಲದೆ ಇದನ್ನು ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಅಂದರು. ಅಂಗೈಯಷ್ಟು ಬೆಲ್ಲ ಸಾಕಿತ್ತು ಅಂತಲೂ ಅಂದರು.

ಮಣ್ಣು ಕೊಟ್ಟು ಬಂದ ಮೇಲೆ ಪಕ್ಕೀರಮ್ಮ ನನ್ನ ಎದುರಿಗೆ ಕೂತು ಹೇಳಿದಳು: "ಬರೀ ಸೋಮವಾರ ಅಲ್ಲವಾ. ಶ್ರಾವಣದಿಂದ ದಿನಾ ಒಪ್ಪತ್ತು. ಮಧ್ಯಾಹ್ನ ಒಂದ್ ಮುದ್ದಿ ಅನ್ನ, ಅಷ್ಟಾ. ರೊಟ್ಟಿ ಮುಟ್ಟಲಿಲ್ಲ. ಇನ್ನೂರು ರೊಟ್ಟಿ ಬಡಿದು, ಒಂದು ತುಂಡು ಬಾಯಾಗ ಹಾಕ್ಕೊಳ್ಳಲಿಲ್ಲ. ನಿಂಗ ಹೇಳಬ್ಯಾಡ ಅಂತ ಲಿಂಗ ಮುಟ್ಟಿಸಿ ಆಣಿ ಹಾಕಿಸ್ಕೊಂಡಿದ್ಲು. ನಾನಾದ್ರೂ ಆಣಿ ಮುರೀಬೇಕಿತ್ತವಾ."

ಮಾರ್ಚ್ ನಾಲ್ಕಕ್ಕೆ ನಾನು ಬಂದಿದ್ದರೆ ಅವತ್ತೇ ಮಧ್ಯಾಹ್ನ ನೀನು ಕೊಟ್ಟೂರಿನಲ್ಲಿ ನನ್ನ ಪಕ್ಕ ಕೂತು ರೊಟ್ಟಿ ಮುರಿಯುತ್ತಿದ್ದೆ. ಆರು ಕೇಜಿ ಅಕ್ಕ. ಆರು ಕೇಜಿಗಾಗಿ ನಿನ್ನನ್ನು ಆರು ವಾರ ಕಾಯಿಸಿದೆ. ಕೈ ನಡುಗುತ್ತದೆ ಅಂತ ನೀನು ಬರೆದಿದ್ದೆ, ಬೆವರು ಅಂತ ಬರೆದಿದ್ದೆ. ನಾನೇ ಹತ್ತು ವರ್ಷ ಆ ಗುಳಿಗೆ ನುಂಗಿದವಳು, ನನಗೆ ತಿಳಿಯಬೇಕಿತ್ತು. ನಾನು ಓದಿದ್ದು ಅರವತ್ತೊಂಬತ್ತೇ ಆಗಲಿ ಅನ್ನುವ ಒಂದು ಸಾಲು ಮಾತ್ರ. ಮಜ್ಜಿಗೆ ಕುಡಿ ಅಂತ ಬರೆದು, ಸೀರೆ ಅಂಗಡಿಗೆ ಹೋದೆ.

ಈಗ ನಾನು ಅರವತ್ತೇಳು ಇದ್ದೇನೆ. ಯಾವ ಪ್ರಯತ್ನವೂ ಇಲ್ಲದೆ.

ಮೊನ್ನೆ ಶನಿವಾರ ನಿನ್ನ ಶಿವಗಣಾರಾಧನೆ ಆಯಿತು. ಸ್ವಾಮಿಗೆ ಅಂದ ಬೆಲ್ಲವನ್ನು ಬಂದ ಜನಕ್ಕೆ ಹಾಕಿದರೆ ಸ್ವಾಮಿಗೆ ಮುಟ್ಟಿದ ಹಾಗೆಯೇ ಅಂತ ಅಯ್ಯನವರು ಹೇಳಿದರು. ಆ ಬೆಲ್ಲದಲ್ಲಿ ಗೋಧಿ ಹುಗ್ಗಿ ಮಾಡಿಸಿದೆವು. ಬ್ಯಾಂಕಿನವರು, ಮೇಷ್ಟ್ರುಗಳು, ನರ್ಸಮ್ಮಗಳು, ಮಂಜಣ್ಣ, ನಿನ್ನ ರೊಟ್ಟಿ ಉಂಡವರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ನನ್ನನ್ನೂ ಕೂರಿಸಿ ಎಲೆ ತುಂಬಾ ಬಡಿಸಿದರು. ಎರಡು ಚಮಚ ಹುಗ್ಗಿ ಬಾಯಿಗಿಟ್ಟೆ. ಮೂರನೆಯದಕ್ಕೆ ಗಂಟಲಲ್ಲೇ ನಿಂತು ತಲೆಸುತ್ತು ಬಂತು. ಎಲೆ ಮುಂದೆ ಹಾಗೇ ಕೈ ಕಟ್ಟಿ ಕೂತೆ.

ಓಣಿಯ ಕೆಂಚಕ್ಕ ಬಂದು ನನ್ನ ಬೆನ್ನು ಸವರಿ ಎಲ್ಲರಿಗೂ ಕೇಳುವ ಹಾಗೆ ಅಂದಳು: "ನೋಡ್ರವಾ, ತಂಗಿ ಅಂದ್ರ ಹಿಂಗಿರಬೇಕು. ಅಕ್ಕನ ಮ್ಯಾಲಿನ ಜೀವಕ್ಕ ಅನ್ನಾ ಬಿಟ್ಟಾಳ. ಮೈ ನೋಡ್ರಿ, ಹೆಂಗ ಸೊರಗೇತಿ." ಹೆಂಗಸರೆಲ್ಲ ಹೌದು ಹೌದು ಅಂದರು. ಒಬ್ಬಾಕೆ ಎದ್ದು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಅಲ್ಲ ಅನ್ನಬೇಕಿತ್ತು, ತಲೆ ಬಗ್ಗಿಸಿ ಆ ನಮಸ್ಕಾರ ತೆಗೆದುಕೊಂಡೆ. ನಿನಗೆ ಸೇರಬೇಕಾದ ಹೊಗಳಿಕೆ ಅದು ಅಕ್ಕ. ಅದನ್ನೂ ನಾನೇ ಉಂಡೆ.

ಗಂಗಿ